ಕ್ರೂರ್ ಸಿಂಗನ ಶಿಷ್ಯರು

ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲೋ ಭದ್ರಾವತಿಯ ರಂಗಪ್ಪ ಸರ್ಕಲ್‌ನಲ್ಲೋ ನಲವತ್ತು ದಾಟಿದ ಯಾವುದಾದರೂ ಗಂಡಸನ್ನು ನಿಲ್ಲಿಸಿ, "ಚಂದ್ರಕಾಂತಾ ಧಾರಾವಾಹಿ ನೆನಪಿದೆಯಾ ಮಾರಾಯ?" ಎಂದು ಕೇಳಿ ನೋಡಿ. ನೌಗಢದ ರಾಜಕುಮಾರನ ಹೆಸರು ಆತನ ಬಾಯಿಗೆ ಬರುವುದಿಲ್ಲ. ವಿಜಯಗಢದ ರಾಜಕುಮಾರಿ ವಾರವಾರವೂ ಯಾಕೆ ಅಳುತ್ತಿದ್ದಳು ಎಂಬುದು ಆತನಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಆತ ಎರಡೂ ಹುಬ್ಬನ್ನು ಹಣೆಯ ತುದಿಗೆ ಏರಿಸಿ, ಕಣ್ಣುಗುಡ್ಡೆ ಹೊರಗೆ ಬರುವಷ್ಟು ಅರಳಿಸಿ, "ಯಕ್ಕೂ!" ಅನ್ನುತ್ತಾನೆ. ಮೂವತ್ತು ವರ್ಷದ ಮೇಲೂ ಉಚ್ಚಾರಣೆ ಒಂದಿಷ್ಟೂ ಕೆಟ್ಟಿಲ್ಲ.

ಕಥೆ ಪ್ರೇಮದ್ದು. ಎರಡು ವೈರಿ ರಾಜ್ಯಗಳ ನಡುವೆ, ಕತ್ತಿ ಒರೆಯಿಂದ ಹೊರಗೇ ಇರುವ ಕಾಲದಲ್ಲಿ, ಆ ಕಡೆಯ ಹುಡುಗ ಈ ಕಡೆಯ ಹುಡುಗಿಯನ್ನು ಮೆಚ್ಚಿದ ಕಥೆ. ದೇವಕೀನಂದನ ಖತ್ರಿ 1888ರಲ್ಲಿ ಬರೆದ ಹಿಂದಿ ಕಾದಂಬರಿಯನ್ನು ಎತ್ತಿಕೊಂಡು, ಅದಕ್ಕೆ ಬೇಕಾದಷ್ಟು ಕುದುರೆ, ಹೊಗೆ, ಗುಡುಗು, ನಾಗಕನ್ಯೆ ಎಲ್ಲ ಸೇರಿಸಿ ನೀರಜಾ ಗುಲೇರಿ 1994ರಲ್ಲಿ ದೂರದರ್ಶನಕ್ಕೆ ತಂದರು. ಶಿಖಾ ಸ್ವರೂಪ್ ರಾಜಕುಮಾರಿ ಚಂದ್ರಕಾಂತಾ, ಶಾಹಬಾಜ್ ಖಾನ್ ರಾಜಕುಮಾರ ವೀರೇಂದ್ರ ಸಿಂಗ್. ಇವರಿಬ್ಬರ ನಡುವೆ ಅಡ್ಡ ನಿಂತವನು ಕ್ರೂರ್ ಸಿಂಗ್, ಅಂದರೆ ಅಖಿಲೇಂದ್ರ ಮಿಶ್ರಾ. ಈತ ಹೊರಗಿನ ಶತ್ರುವಲ್ಲ ಎಂಬುದನ್ನು ಗಮನಿಸಿ. ವಿಜಯಗಢದ ಆಸ್ಥಾನದಲ್ಲೇ ಕೂತು, ಅಲ್ಲಿಯ ಅನ್ನವನ್ನೇ ತಿಂದು, ನೌಗಢದವರು ನಮ್ಮ ವೈರಿಗಳು ಎಂದು ದಿನಕ್ಕೆರಡು ಸಲ ನೆನಪಿಸುವುದೇ ಈತನ ಉದ್ಯೋಗ. ವೈರ ಮುಗಿದುಹೋದರೆ ರಾಜಕುಮಾರಿಯೂ ಹೋದಳು, ಕುರ್ಚಿಯೂ ಹೋಯಿತು. ಇಲ್ಲಿ ಬೇಳೆ ಬೇಯದಿದ್ದಾಗ ಚುನಾರಗಢದ ಶಿವದತ್ತನ ಪಾಳಯಕ್ಕೆ ಹಾರಿದ. ರಾಜೀನಾಮೆ ಪತ್ರ ಬರೆದಿಟ್ಟು ಹೋದನೋ ಇಲ್ಲವೋ ಖತ್ರಿಯವರು ಬರೆದಿಲ್ಲ. ನಮ್ಮ ಕಡೆಯಾಗಿದ್ದರೆ ಪತ್ರಿಕಾಗೋಷ್ಠಿಯನ್ನಾದರೂ ಕರೆದಿರುತ್ತಿದ್ದ.

ಇಷ್ಟು ಚೆಂದದ ಪ್ರೇಮಕಥೆಯಿಂದ ನಮ್ಮ ಎರಡೂ ಊರಿನ ಹುಡುಗರು ಹೆಕ್ಕಿಕೊಂಡದ್ದು ಮಾತ್ರ ಕ್ರೂರ್ ಸಿಂಗನ ಹುಬ್ಬನ್ನು. ಇದರಲ್ಲಿ ಹುಡುಗರ ತಪ್ಪಿಲ್ಲ. ಪ್ರೇಮಿಗಳು ಮಾತಾಡಿದ್ದು ಹಿಂದಿಯಲ್ಲಿ. ಅದೂ ಶಾಲೆಯಲ್ಲಿ ಮೂರನೇ ಭಾಷೆಯಾಗಿ ಪಾಸು ಮಾಡಿದ ಹಿಂದಿಯಲ್ಲ, ಉದ್ದುದ್ದ ನಿಟ್ಟುಸಿರಿನ ಆಸ್ಥಾನದ ಹಿಂದಿ. ವೀರೇಂದ್ರ ಸಿಂಗ್ ಎರಡು ನಿಮಿಷ ಪ್ರೇಮ ನಿವೇದನೆ ಮಾಡಿದರೆ ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಅಷ್ಟು ಹೊತ್ತು ಯಾರೋ ಎದ್ದು ಹೋಗಿ ಕಾಫಿ ಸೋಸುತ್ತಿದ್ದರು. ದ್ವೇಷಕ್ಕೆ ಆ ತೊಂದರೆಯೇ ಇಲ್ಲ. ಹುಬ್ಬು ಹಾರಿತು, ಮೂಗಿನ ಹೊಳ್ಳೆ ಅರಳಿತು, "ಯಕ್ಕೂ" ಅಂದ, ಅರ್ಥ ಆಯಿತು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಯಾವ ಮನೆಯಲ್ಲೂ ಅನುವಾದ ಕೇಳಿದವರಿಲ್ಲ.

ಹಾಗಾದರೆ ಪ್ರೀತಿಯನ್ನಾದರೂ ಕನ್ನಡದಲ್ಲಿ ಕೇಳಿಸಬಹುದಿತ್ತಲ್ಲ ಎಂದರೆ, ಅದಕ್ಕೆ ನಮ್ಮಲ್ಲೊಂದು ಭಾರೀ ಕೋಟೆ ಕಾವಲಿತ್ತು. ಕನ್ನಡ ಉಳಿಯಬೇಕಾದರೆ ಕನ್ನಡಕ್ಕೆ ಏನೂ ಡಬ್ ಆಗಕೂಡದು ಎಂದು ನಮ್ಮ ಚಿತ್ರರಂಗ ದಶಕಗಟ್ಟಲೆ ಬಾಗಿಲು ಕಾದಿತು. ಕನ್ನಡ ಮಾತಾಡುವ ಹಿಂದಿ ಧಾರಾವಾಹಿಯಿಂದ ಕನ್ನಡಕ್ಕೆ ಅಪಾಯ. ಹಿಂದಿಯನ್ನೇ ಮಾತಾಡುವ ಹಿಂದಿ ಧಾರಾವಾಹಿಯಿಂದ ಏನೂ ಅಪಾಯವಿಲ್ಲ. ಈ ಅಡ್ಡಗಾಲು ಸರಿಯಲ್ಲವೆಂದು ಸ್ಪರ್ಧಾ ಆಯೋಗ ಹೇಳುವ ಹೊತ್ತಿಗೆ 2015 ಬಂದಿತ್ತು. ಚಂದ್ರಕಾಂತಾ ನೋಡಿದ ಹುಡುಗರು ಅಷ್ಟರಲ್ಲಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿ, ರಾಜ್ಯೋತ್ಸವದ ಸಮಿತಿಗೆ ಖಜಾಂಚಿಗಳಾಗಿದ್ದರು.

ಅಂದಹಾಗೆ, ನಮ್ಮ ಜಿಲ್ಲೆಯದೇ ಒಂದು ಧಾರಾವಾಹಿಯೂ ಇತ್ತು. ಚಂದ್ರಕಾಂತಾಗಿಂತ ಏಳೆಂಟು ವರ್ಷ ಮೊದಲು ಶಂಕರ್ ನಾಗ್ ಆಗುಂಬೆಯಲ್ಲಿ ಕೂತು 'ಮಾಲ್ಗುಡಿ ಡೇಸ್' ತೆಗೆದರು. ಅಲ್ಲಿ ಯುದ್ಧವಿಲ್ಲ, ಮಾಯದ ಕೋಟೆಯಿಲ್ಲ. ಸ್ವಾಮಿ ಎಂಬ ಹುಡುಗನೊಬ್ಬ ಶಾಲೆ ತಪ್ಪಿಸಿಕೊಳ್ಳುವುದೇ ಅಲ್ಲಿಯ ದೊಡ್ಡ ದಂಗೆ. ಆಗುಂಬೆಯ ಮಳೆ, ಆಗುಂಬೆಯ ಜಗಲಿ, ಕನ್ನಡದ ನಟರು. ಮಾತು ಮಾತ್ರ ಹಿಂದಿ, ಮೊದಲ ಕೆಲವು ಕಂತಿಗೆ ಜೊತೆಯಲ್ಲಿ ಇಂಗ್ಲಿಷು. ತೀರ್ಥಹಳ್ಳಿ ತಾಲ್ಲೂಕಿನ ಜನ ತಮ್ಮೂರಿನ ಬೀದಿಯನ್ನು ತಮಗೆ ತಿಳಿಯದ ಭಾಷೆಯಲ್ಲಿ ನೋಡಿ ಸಂತೋಷಪಟ್ಟರು. ಅರಸಾಳು ರೈಲು ನಿಲ್ದಾಣದಲ್ಲಿ ಈಗ ಅದರ ಮ್ಯೂಸಿಯಂ ಇದೆ, ಹೋಗಿ ಬನ್ನಿ. ಸ್ವಾಮಿಯ ಅನುಯಾಯಿಗಳು ಎಂದು ಹೇಳಿಕೊಳ್ಳುವ ಒಂದೇ ಒಂದು ಸಂಘಟನೆ ಈ ಜಿಲ್ಲೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಭದ್ರಾವತಿಯಲ್ಲಿ ಚಂದ್ರಕಾಂತಾ ನೋಡುವುದಕ್ಕೊಂದು ವಿಶೇಷವಿತ್ತು. ಕಾಡು ಕಡಿದು ಇದ್ದಿಲು ಮಾಡಿ, ಇದ್ದಿಲಿನಿಂದ ಕಬ್ಬಿಣ ಕರಗಿಸುವ ವಿಶ್ವೇಶ್ವರಯ್ಯನವರ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಕ್ಕೆ ಆಳು ಬೇಕಿತ್ತು, ಜಾತಕ ಬೇಕಿರಲಿಲ್ಲ. 1936ರಲ್ಲಿ ಕಾಗದ ಕಾರ್ಖಾನೆ ಬಂತು, ಅದಕ್ಕೂ ಅಷ್ಟೇ. ತಮಿಳುನಾಡು, ಆಂಧ್ರ, ಕೇರಳ, ಬಯಲುಸೀಮೆ ಎಲ್ಲ ಕಡೆಯಿಂದ ಜನ ಬಂದರು. ನ್ಯೂಟೌನಿನಲ್ಲಿ, ಪೇಪರ್‌ಟೌನಿನಲ್ಲಿ ಕ್ವಾರ್ಟರ್ಸ್ ಹಂಚುವವನು ಹುದ್ದೆ ನೋಡುತ್ತಿದ್ದ. ಮುದಲಿಯಾರರ ಗೋಡೆಗೆ ಲಿಂಗಾಯತರ ಗೋಡೆ, ಸಾಬರ ಗೋಡೆಗೆ ಬ್ರಾಹ್ಮಣರ ಗೋಡೆ. ನೌಗಢ ವಿಜಯಗಢಗಳನ್ನು ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿಸಿ ನಿಲ್ಲಿಸಿದ್ದು ಯಾವ ಸಮಾಜ ಸುಧಾರಕನೂ ಅಲ್ಲ, ಶಿಫ್ಟು ಕೂಗುವ ಸೈರನ್ನು. ಮೂರು ಪಾಳಿಯಲ್ಲಿ ದುಡಿಯುವವರಿಗೆ ವೈರ ಬೆಳೆಸುವಷ್ಟು ಪುರುಸೊತ್ತೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆಯಲ್ಲಿ ಇವರೆಲ್ಲ ಒಟ್ಟಿಗೆ ಕೂತರು. ಜೋಗದ ಕರೆಂಟನ್ನು ನಾಡಿಗೆಲ್ಲ ಹಂಚಿದ ಜಿಲ್ಲೆಯಲ್ಲಿ ಕರೆಂಟು ಹೋಗದಿರಲಿ ಎಂದು ಒಬ್ಬೊಬ್ಬರು ಒಂದೊಂದು ದೇವರಿಗೆ ಹೇಳಿಕೊಂಡರು.

ಹೆಂಗಸರು ಚಂದ್ರಕಾಂತಾಳಿಗಾಗಿ ನಿಜವಾಗಿಯೂ ಕಣ್ಣೀರು ಹಾಕಿದರು. ಅಪ್ಪಂದಿರು, "ಛೆ, ಆ ರಾಜನಿಗೆ ಬುದ್ಧಿ ಬೇಡವಾ? ಹುಡುಗಿ ಒಪ್ಪಿದ ಮೇಲೆ ಮದುವೆ ಮಾಡಿ ಕೈತೊಳೆದುಕೊಳ್ಳೋದಲ್ವಾ?" ಎಂದು ವಿಜಯಗಢದ ದೊರೆಗೆ ಬೈದರು. ಎಂಥ ಉದಾರಿಗಳು! ಆ ಬೈಗುಳವನ್ನು ಅಕ್ಕಪಕ್ಕದಲ್ಲಿ ಕೂತ ಅವರ ಮಗಳೂ ಕೇಳಿಸಿಕೊಂಡಳು, ಪಕ್ಕದ ಕ್ವಾರ್ಟರ್ಸಿನ ಹುಡುಗನೂ ಕೇಳಿಸಿಕೊಂಡ. ಆಮೇಲೆ ಆ ಇಬ್ಬರೂ ಕಾಲೇಜಿಗೆಂದು ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರತೊಡಗಿ, ಆ ಸುದ್ದಿ ಮನೆಗೆ ಬಂದ ಸಂಜೆ ಅದೇ ಅಪ್ಪಂದಿರ ಹುಬ್ಬು ಯಾವ ಎತ್ತರಕ್ಕೆ ಏರಿತು ಎಂಬುದನ್ನು ಅಖಿಲೇಂದ್ರ ಮಿಶ್ರಾ ನೋಡಬೇಕಿತ್ತು. ಪ್ರೇಮಿಗಳು ಎಲ್ಲೋ ದೂರದ ಮಿರ್ಜಾಪುರದ ಕಡೆಯವರಾದರೆ ಸರಿ, ಕುದುರೆ ಮೇಲಿದ್ದರೆ ಇನ್ನೂ ಸರಿ. ಭದ್ರಾವತಿ–ಶಿವಮೊಗ್ಗ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಬರುವವರಿಗೆ ಯಾವ ಪ್ರೇಮ?

ಇನ್ನೊಂದು ತಮಾಷೆ ಕೇಳಿ. ವೀರೇಂದ್ರ ಸಿಂಗನಾಗಿ ಇಡೀ ಜಿಲ್ಲೆಯ ಹುಡುಗಿಯರ ನಿದ್ದೆ ಕೆಡಿಸಿದ ಈ ಶಾಹಬಾಜ್ ಖಾನ್, ಅದಕ್ಕೆ ನಾಲ್ಕು ವರ್ಷ ಮೊದಲು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯಲ್ಲಿ ಹೈದರಾಲಿ ಆಗಿದ್ದವರು. ಹೈದರಾಲಿ ಎಂದರೆ ನಮಗೆ ಯಾರೋ ಅಲ್ಲ. 1763ರಲ್ಲಿ ನಮ್ಮ ಬಿದನೂರಿನ ಮೇಲೆ ಬಂದು, ರಾಣಿ ವೀರಮ್ಮಾಜಿಯನ್ನು ಸೆರೆ ಹಿಡಿದು, ಕೆಳದಿ ಅರಸರ ಕಥೆ ಮುಗಿಸಿ, ಊರಿಗೆ ತನ್ನ ಹೆಸರಿಟ್ಟವನು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹೆಸರಿನಲ್ಲಿ ಇವತ್ತಿಗೂ ಉಳಿದಿರುವುದು ಆ ಹೈದರನಗರದ ಅರ್ಧ. ಅಂಥ ಹೈದರನನ್ನು ವೇಷ ಬದಲಿಸಿ, ಕಿರೀಟ ಇಟ್ಟು, ಕುದುರೆ ಹತ್ತಿಸಿ ಕಳಿಸಿದರೆ ಅದೇ ಕೆಳದಿಯ ಶಿವಪ್ಪ ನಾಯಕನ ಅರಮನೆ ಇರುವ ಊರು ಅಳಿಯನೆಂದು ಒಪ್ಪಿಕೊಂಡಿತು. ಯಾರೂ ಆಧಾರ್ ಕಾರ್ಡು ಕೇಳಲಿಲ್ಲ. ನಟನ ಹೆಸರು ಪರದೆಯ ಮೇಲೆ ವಾರವಾರ ಬಂದರೂ ಓದಲಿಲ್ಲ. ಈಗ ಓದುತ್ತಾರೆ, ಬಿಡಿ. ಈಗ ಓದುವುದು ಅದನ್ನೊಂದೇ.

ಆ ಟಿಪ್ಪು ಧಾರಾವಾಹಿಗೂ ಆಗ ಗಲಾಟೆ ಆಗಿತ್ತು. ಇದು ಕಾದಂಬರಿ ಆಧರಿಸಿದ ಕಲ್ಪನೆ ಎಂದು ಪ್ರತಿ ಕಂತಿನ ಮೊದಲು ಹೇಳಿಸಿ ವಿಷಯ ಬಗೆಹರಿಸಿದರು. ಎರಡು ಸಾಲಿನ ಪ್ರಕಟಣೆಯಿಂದ ಜಗಳ ತೀರುತ್ತಿದ್ದ ಕಾಲ ಅದು! 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ 75 ವರ್ಷ ತುಂಬಿದ ದಿನ, ಶಿವಮೊಗ್ಗದ ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ಸಾವರ್ಕರ್ ಫ್ಲೆಕ್ಸ್ ಇರಬೇಕೋ ಟಿಪ್ಪು ಫ್ಲೆಕ್ಸ್ ಇರಬೇಕೋ ಎಂದು ಹೊಡೆದಾಟವಾಗಿ, ಚೂರಿ ಇರಿತವಾಗಿ, ನಿಷೇಧಾಜ್ಞೆ ಹಾಕಬೇಕಾಯಿತು. ಒಬ್ಬರು ತೀರಿಕೊಂಡದ್ದು 1966ರಲ್ಲಿ, ಇನ್ನೊಬ್ಬರು 1799ರಲ್ಲಿ. ಇಬ್ಬರಿಗೂ ಶಿವಮೊಗ್ಗದ ಆ ಕಂಬದ ಮೇಲೆ ಆಸೆ ಇದ್ದದ್ದಕ್ಕೆ ದಾಖಲೆಯಿಲ್ಲ. ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಸಾಲುಸಾಲು ಫೋಟೋ ಇರುತ್ತವಲ್ಲ, ಅಂಥವನ್ನು ಮುಂದಿನ ಸಲ ಹತ್ತಿರ ಹೋಗಿ ನೋಡಿ. ವಯಸ್ಸು ನಲವತ್ತರ ಆಚೀಚೆ. ಹುಬ್ಬು ಗಮನಿಸಿ.

ಹಾಗಂತ ಶತ್ರುಗಳ ನಡುವಿನ ಪ್ರೇಮ ಈ ಊರುಗಳಲ್ಲಿ ಇಲ್ಲವೇ ಇಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಇದೆ. ಭರ್ಜರಿಯಾಗಿದೆ. ಆದರೆ ಅದಕ್ಕೆ ಲೈಸೆನ್ಸು ಬೇಕು, ಲೈಸೆನ್ಸು ಕೊಡುವುದು ಚುನಾವಣಾ ಆಯೋಗ. ಚಂದ್ರಕಾಂತಾದಲ್ಲಿ ಐಯಾರರು ಎಂಬ ಜನ ಬರುತ್ತಾರೆ. ಬೇಕಾದಾಗ ವೇಷ ಬದಲಿಸುವವರು, ಯಾವ ಕೋಟೆಗೆ ಬೇಕಾದರೂ ನುಗ್ಗುವವರು, ಸೊಂಟದ ಚೀಲದಲ್ಲಿ ಮೂರ್ಛೆ ಬರಿಸುವ ಪುಡಿಯನ್ನೂ ಮೂರ್ಛೆ ಬಿಡಿಸುವ ಮದ್ದನ್ನೂ ಒಟ್ಟಿಗೆ ಇಟ್ಟುಕೊಂಡವರು. ಖತ್ರಿಯವರ ಐಯಾರರು ನಮ್ಮವರ ಮುಂದೆ ಇನ್ನೂ ಕಲಿಯುವ ಹುಡುಗರು. ಸೋಲರಿಯದ ಸರದಾರ ಎಂದು ನಾವೇ ಹೊಗಳಿದ ಬಂಗಾರಪ್ಪನವರು ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಗೆದ್ದರು, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2004ರಲ್ಲಿ ಬಿಜೆಪಿಯಿಂದ ಗೆದ್ದರು, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ನಾಲ್ಕು ಗೆಲುವು, ನಾಲ್ಕು ಚಿಹ್ನೆ. ಮತದಾರನೂ ಪ್ರತಿ ಸಲ ಹೊಸ ಪ್ರೇಮಕ್ಕೆ ಬಿದ್ದವನಂತೆ ಬಟನ್ ಒತ್ತಿದ, ಅದಕ್ಕೂ ಮೊದಲು ಠಸ್ಸೆ ಒತ್ತಿದ. ಅವರ ಇಬ್ಬರು ಮಕ್ಕಳು ಸೊರಬದಲ್ಲಿ ಒಬ್ಬರಿಗೊಬ್ಬರು ಎದುರು ನಿಂತಾಗ ಮಾತ್ರ ನಮ್ಮ ಜನ, "ಅಣ್ಣತಮ್ಮ ಹೀಗೆ ಮಾಡಬಾರದಪ್ಪ" ಎಂದು ಲೊಚಗುಟ್ಟಿದರು. ಶತ್ರುಗಳು ಒಂದಾದರೆ ರಾಜಕೀಯ, ಒಡಹುಟ್ಟಿದವರು ಬೇರೆಯಾದರೆ ದುರಂತ.

ಭದ್ರಾವತಿಯ ಕಥೆ ಇನ್ನೂ ರಸವತ್ತು. ಚಂದ್ರಕಾಂತಾ ಪ್ರಸಾರವಾದ ಆ 1994ರಲ್ಲೇ ಅಪ್ಪಾಜಿಯವರು ಮೊದಲ ಸಲ ಶಾಸಕರಾದರು. ಮುಂದೆ ಅವರು ಮತ್ತು ಸಂಗಮೇಶ್ವರ ಅವರು ಸರದಿಯ ಮೇಲೆ ಗೆಲ್ಲುವುದೇ ಅಲ್ಲಿನ ಸಂವಿಧಾನವಾಯಿತು. ಮಧ್ಯದಲ್ಲಿ ಮೂರನೆಯವರಿಗೆ ಜಾಗವಿಲ್ಲ. ರಾಜ್ಯದಲ್ಲಿ ಅಲೆ ಎದ್ದಾಗಲೂ ಬಿಜೆಪಿಗೆ ಆ ಕ್ಷೇತ್ರ ಸಿಕ್ಕಿಲ್ಲ. ಮದುವೆ, ನಾಮಕರಣ, ಗಣಪತಿ ಪೆಂಡಾಲು, ಕಬಡ್ಡಿ ಟೂರ್ನಮೆಂಟು ಎಲ್ಲವೂ ಆ ಬಣ, ಈ ಬಣ. ಹೀಗಿರುವಾಗ 2018ರ ಮೇ ತಿಂಗಳಲ್ಲಿ ಸಂಗಮೇಶ್ವರ ಕಾಂಗ್ರೆಸ್ಸಿನಿಂದ, ಅಪ್ಪಾಜಿ ಜೆಡಿಎಸ್ಸಿನಿಂದ ಸೆಣಸಿದ ಚುನಾವಣೆಯ ಎಣಿಕೆ ಮುಗಿದು ಎಂಟೇ ದಿನಕ್ಕೆ ಬೆಂಗಳೂರಿನಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಹಾರ ಬದಲಾಯಿಸಿಕೊಂಡವು. ಅದೇ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಭದ್ರಾವತಿಯ ಎರಡೂ ಬಣ ಒಬ್ಬನೇ ಅಭ್ಯರ್ಥಿಗೆ ಓಟು ಕೇಳಬೇಕಾಯಿತು. ನಾಯಕನಿಗಾಗಿ ತಲೆ ಒಡೆಸಿಕೊಂಡು ಹೊಲಿಗೆ ಬಿಚ್ಚಿಸದ ಕಾರ್ಯಕರ್ತ, ಒಡೆದವನ ಪಕ್ಕದಲ್ಲೇ ನಿಂತು ಕರಪತ್ರ ಹಂಚಿದ. 2023ರಲ್ಲಿ ಸಂಗಮೇಶ್ವರ ಅವರ ಎದುರು ನಿಂತವರು ದಿವಂಗತ ಅಪ್ಪಾಜಿಯವರ ಪತ್ನಿ, ಅಂದರೆ ಮತ್ತೆ ಯುದ್ಧ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೆಡಿಎಸ್ ಹೋಗಿ ಬಿಜೆಪಿಯ ಕೈ ಹಿಡಿಯಿತು, ಅಂದರೆ ಮತ್ತೆ ಪ್ರೇಮ. ಯಾವ ಬೀದಿಯಲ್ಲೂ ಯಾರೂ ಅಡ್ಡಗಟ್ಟಿ, "ನೀನ್ಯಾರು, ಅವಳ್ಯಾರು, ಮೊಬೈಲ್ ಕೊಡು ಇಲ್ಲಿ" ಎನ್ನಲಿಲ್ಲ.

ಸಾಮಾನ್ಯನ ಪ್ರೇಮಕ್ಕಿರುವ ವಿಧಿವಿಧಾನ ಬೇರೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಮದುವೆಯಾಗಬೇಕಾದರೆ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ನೋಟಿಸ್ ಕೊಡಬೇಕು. ಅದನ್ನು ಅಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. 30 ದಿನ ಕಾಯಬೇಕು, ಅಷ್ಟರೊಳಗೆ ಯಾರು ಬೇಕಾದರೂ ಬಂದು ತಕರಾರು ಹೇಳಬಹುದು. ಖತ್ರಿಯವರ ಕ್ರೂರ್ ಸಿಂಗ್ ಪ್ರೇಮಿಗಳ ಸುಳಿವು ಹಿಡಿಯಲು ಐಯಾರರಿಗೆ ಸಂಬಳ ಕೊಟ್ಟು ಸಾಕಬೇಕಿತ್ತು. ನಮ್ಮ ಕಾಲದ ಕ್ರೂರ್ ಸಿಂಗನಿಗೆ ಸರ್ಕಾರವೇ ಹೆಸರು, ವಿಳಾಸ ಸಮೇತ ಗೋಡೆಗೆ ಹಚ್ಚಿ ಕೊಡುತ್ತದೆ. ಆತ ಮಾಡಬೇಕಾದ್ದು ಫೋನ್ ತೆಗೆದು ಒಂದು ಪಟ ಹೊಡೆದು ಗ್ರೂಪಿಗೆ ಹಾಕುವುದಷ್ಟೆ.

ಇದು ಸಾಲದೆಂದು 2022ರಲ್ಲಿ ಮತಾಂತರದ ಕಾನೂನು ಬಂತು. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಅದೂ ನೋಟಿಸ್ ಬೋರ್ಡಿಗೆ ಬರಬೇಕು. ಅಪ್ಪ ಅಮ್ಮ ಅಣ್ಣ ಅಕ್ಕ ಮಾತ್ರವಲ್ಲ, ಆಫೀಸಿನ ಸಹೋದ್ಯೋಗಿ ಕೂಡ ದೂರು ಕೊಡಬಹುದು. 2023ರಲ್ಲಿ ಸರ್ಕಾರ ಬದಲಾಗಿ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ನನ್ನ ಸಲಹೆ, ರದ್ದು ಮಾಡಬೇಡಿ. ಇಂಥ ಒಳ್ಳೆಯ ಕಾನೂನನ್ನು ಸ್ವಲ್ಪ ತಿದ್ದಿ ಶಾಸಕರಿಗೆ ಅನ್ವಯಿಸಿ. ಪಕ್ಷ ಬಿಡುವವನು 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಹಾಕಲಿ. ಆಮಿಷ ಇದೆಯೋ ಒತ್ತಾಯ ಇದೆಯೋ ತಹಶೀಲ್ದಾರರು ವಿಚಾರಣೆ ನಡೆಸಲಿ. ಓಟು ಹಾಕಿದ ಯಾವ ಅಜ್ಜಿ ಬೇಕಾದರೂ ಬಂದು ತಕರಾರು ಸಲ್ಲಿಸಲಿ. ಅಲ್ಲಿಯವರೆಗೆ ರೆಸಾರ್ಟಿನ ಕೋಣೆಯ ಬಾಗಿಲಿಗೆ ಯಾರಾದರೂ ಬಡಿದು, "ಹೊರಗೆ ಬನ್ನಿ, ನಿಮ್ಮ ಮನೆಯವರಿಗೆ ಗೊತ್ತಾ?" ಎಂದು ಕೇಳಲಿ.

ಇದೆಲ್ಲ ನಡೆಯುತ್ತಿರುವುದು ಎಂಥ ಜಿಲ್ಲೆಯಲ್ಲಿ ನೋಡಿ. ರಾಜನನ್ನೇ ಬೇಡವೆಂದು ಹೊರಟ ಅಕ್ಕಮಹಾದೇವಿಯ ಉಡುತಡಿ ಇಲ್ಲೇ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಪುರೋಹಿತ, ಮುಹೂರ್ತ, ವರದಕ್ಷಿಣೆ ಯಾವುದೂ ಬೇಡ, ಮನಸ್ಸು ಕೂಡಿದರೆ ಸಾಕೆಂದು ಮಂತ್ರಮಾಂಗಲ್ಯ ಕೊಟ್ಟ ಕುವೆಂಪು ಇಲ್ಲಿಯವರು. ಮೇಳಿಗೆಯ ಅನಂತಮೂರ್ತಿ ಕ್ರೈಸ್ತ ಮನೆತನದ ಎಸ್ತರ್ ಅವರನ್ನು ಮದುವೆಯಾದರು. ನಾವು ಕೃತಘ್ನರಲ್ಲ. ಕುವೆಂಪು ಹೆಸರಿನಲ್ಲಿ ರಂಗಮಂದಿರ ಕಟ್ಟಿದ್ದೇವೆ, ವಿಶ್ವವಿದ್ಯಾಲಯ ಕಟ್ಟಿದ್ದೇವೆ. ಮಂತ್ರಮಾಂಗಲ್ಯದ ಬಗ್ಗೆ ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ನೇರವಾಗಿ ನಮ್ಮ ನಮ್ಮ ಸಮುದಾಯ ಭವನದ ವಧೂವರರ ಸಮಾವೇಶಕ್ಕೆ ಹೋಗುತ್ತೇವೆ. ಒಳಪಂಗಡಕ್ಕೊಂದು ಕೌಂಟರು, ಊಟದ ಕೂಪನ್ನು ಬೇರೆ. ತುಂಗೆಯೂ ಭದ್ರೆಯೂ ಮಾತ್ರ ಕೂಡಲಿಯಲ್ಲಿ ಯಾರಿಗೂ ಅರ್ಜಿ ಕೊಡದೆ ಕೂಡಿಬಿಟ್ಟಿವೆ. ಅವಕ್ಕೆ ಸಮುದಾಯ ಭವನ ಇಲ್ಲದಿದ್ದುದೇ ಕಾರಣವಿರಬೇಕು.

ಇತ್ತ ಗೋಡೆಗೆ ಗೋಡೆ ಅಂಟಿಸಿದ್ದ ಕಾರ್ಖಾನೆಗಳ ಗತಿ ನೋಡಿ. ಕಾಗದ ಕಾರ್ಖಾನೆ ಎಂಪಿಎಂನ ಯಂತ್ರ ನಿಂತು ವರ್ಷಗಳೇ ಕಳೆದವು. ಕಬ್ಬಿಣದ ಕಾರ್ಖಾನೆ ವಿಐಎಸ್ಎಲ್‌ಗೆ ನೂರು ತುಂಬಿದ ವರ್ಷದ ಜನವರಿಯಲ್ಲೇ ಮುಚ್ಚುವ ತೀರ್ಮಾನದ ಉಡುಗೊರೆ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತ ಮೇಲೆ, ಅದೇ ಆಗಸ್ಟಿನಲ್ಲಿ ಒಂದಿಷ್ಟು ಯಂತ್ರ ಮತ್ತೆ ತಿರುಗಿತು. ಕಾದಂಬರಿಯಲ್ಲಿ ತಿಲಿಸ್ಮು ಅಂತ ಬರುತ್ತದೆ, ಒಳಗೆ ನಿಧಿಯಿರುವ ಮಾಯದ ಕೋಟೆ. ಯಾರ ಹೆಸರಿಗೆ ಬರೆದಿದೆಯೋ ಆ ರಾಜಕುಮಾರ ಬಂದು ಮುಟ್ಟಿದರೆ ಮಾತ್ರ ತೆರೆಯುತ್ತದೆ. ಭದ್ರಾವತಿಯ ತಿಲಿಸ್ಮಿಗೆ ಐದು ವರ್ಷಕ್ಕೊಮ್ಮೆ ರಾಜಕುಮಾರರು ಬರುತ್ತಾರೆ, ಗೇಟು ಮುಟ್ಟುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಖಾಲಿ ಕ್ವಾರ್ಟರ್ಸಿನ ಹಂಚು ಉದುರುತ್ತಿದೆ. ಅಲ್ಲಿಂದ ಎದ್ದವರು ಸೈಟು ಕೊಳ್ಳುವಾಗ ಈಗ ಮೊದಲು ಕೇಳುವುದು, "ಆ ಲೇಔಟಿನಲ್ಲಿ ನಮ್ಮವರು ಎಷ್ಟು ಮನೆ ಇದ್ದಾರೆ?" ಸೈರನ್ನು ಕೂಗದ ಊರಿನಲ್ಲಿ ಎಲ್ಲರಿಗೂ ಬೇಕಾದಷ್ಟು ಪುರುಸೊತ್ತಿದೆ.

ಆದ್ದರಿಂದ ಯಾರಾದರೂ ಚಂದ್ರಕಾಂತಾವನ್ನು ಈಗ ಮತ್ತೆ ತೆಗೆಯುವುದಾದರೆ ನಮ್ಮಲ್ಲೇ ತೆಗೆಯಲಿ. ಖರ್ಚು ಕಡಿಮೆ. ಸೈನ್ಯ ಬೇಡ, ಒಂದು ವಾಟ್ಸಾಪ್ ಗ್ರೂಪು ಸಾಕು. ಕೋಟೆ ಬೇಡ, ಸಬ್‌ರಿಜಿಸ್ಟ್ರಾರ್ ಕಚೇರಿಯ ಗೋಡೆ ಸಾಕು. ವೀರೇಂದ್ರನೂ ಚಂದ್ರಕಾಂತಾಳೂ ಮೊದಲನೇ ಕಂತಿನಲ್ಲೇ ಬೆಂಗಳೂರಿನ ರೈಲು ಹತ್ತಿ ಯಾವುದೋ ಸಾಫ್ಟ್‌ವೇರ್ ಕಂಪನಿ ಸೇರಿಕೊಳ್ಳುತ್ತಾರೆ, ಅವರನ್ನು ಬಿಟ್ಟುಬಿಡಿ, ಬದುಕಿಕೊಳ್ಳಲಿ. ಉಳಿದ ಅಷ್ಟೂ ಕಂತು ಕ್ರೂರ್ ಸಿಂಗನದು. ಆ ಪಾತ್ರಕ್ಕೆ ಆಡಿಷನ್ ಕರೆದರೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ಭದ್ರಾವತಿ ಹಳೇನಗರದ ಸೇತುವೆಯವರೆಗೆ ಕ್ಯೂ ನಿಲ್ಲುತ್ತದೆ. ಹೇಗೂ ಆಯ್ಕೆಯಾದವನು ಕೊನೆಯ ಕಂತಿನವರೆಗೆ ಇರುವುದಿಲ್ಲ, ಮುಂದಿನ ಚುನಾವಣೆಗೆ ಟಿಕೆಟ್ ಕೊಡುತ್ತೇವೆಂದು ಮೂರೂ ಪಕ್ಷದವರು ಈಗಲೇ ಅವನ ಮನೆಗೆ ಹೋಗಿ ಶಾಲು ಹೊದಿಸಿ ಬಂದಿರುತ್ತಾರೆ. ಇವನು ಮೂರೂ ಶಾಲು ಮಡಿಸಿಟ್ಟುಕೊಂಡು, ಯಾರಿಗೂ ಹೂಂ ಅನ್ನದೆ, ಬರೀ ಹುಬ್ಬು ಹಾರಿಸಿ ಕಳಿಸಿರುತ್ತಾನೆ.